ಅಜ್ಜಿಯೊಡನೆ ಒಂದು ಪ್ರವಾಸ

ಬೇಸಿಗೆಯ ರಜೆ ಸಮೀಪಿಸಿತೆಂದರೆ ನಮ್ಮ ಮಕ್ಕಳಿಗೆ ಊಟಿಯದೇ ಜಪ. ಆಗೆಲ್ಲ ಮೊಣಕಾಲು ನೋವಿನ ನಮ್ಮ ಅತ್ತೆಯವರು, "ನೀವು ಹೋಗಿ ಬರ್ರಿ, ನಾನು ಮನೀ ಕಾಯ್ತೀನಿ" ಎಂದುಬಿಡುವರು. ಹಿರಿಯರನ್ನು ಬಿಟ್ಟು ಹೋಗುವ ಸಂತೋಷ ನನ್ನ ಮನಸ್ಸನ್ನು ಕೊರೆಯುತ್ತಿತ್ತು. ಆದ್ದರಿಂದ ಕಳೆದ ವರ್ಷ ಅವರೂ ಬರಬಲ್ಲ ಪ್ರವಾಸವನ್ನೇ ಯೋಜಿಸಿದೆ.

ಕುರುಗೋಡು, ಸಿರುಗುಪ್ಪ ಎರಡನ್ನೂ ಒಂದೇ ದಿನ ಮುಗಿಸೋಣವೆಂದರು ಯಜಮಾನರು. ನಾನು ಒಪ್ಪಲಿಲ್ಲ. ಮಕ್ಕಳಿಗೂ ವೃದ್ಧರಿಗೂ ದಿನಕ್ಕೊಂದೇ ಊರು ಸಾಕು. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿಗೆ 10 ಗಂಟೆಯ ಮೇಲೆ ಬಂಡೆಗಲ್ಲಿನ ಮೇಲೆ ಬರಿಗಾಲಿಡಲಾಗದು. ಬೆಳಗಿನ 6ಕ್ಕೇ ಹೊರಡಬೇಕು. ಆದರೆ ಇಷ್ಟಲಿಂಗ ಪೂಜೆಯಾಗದೆ ಅತ್ತೆಯವರು ನೀರನ್ನೂ ಮುಟ್ಟರು. "ನಾನು ನಾಲ್ಕಕ್ಕ ಏಳ್ತೀನಿ, ನಿನ್ನ ಮಕ್ಕಳನ್ನ ಎಬ್ಬಿಸೋದು ನೋಡವ್ವಾ" ಎಂದರು. ಅವರೆಂದಂತೆಯೇ ಆಯಿತು!

ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಒಂದು ಕಾಲಕ್ಕೆ ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ ಏಕಶಿಲೆಯ ದೊಡ್ಡ ಬಸವೇಶ್ವರನ ಎತ್ತರ ಸುಮಾರು 12 ಅಡಿ. "ನನ್ನಂಥವರು ಎಷ್ಟು ಮಂದಿ ಒಬ್ಬರ ಮೇಲೊಬ್ಬರು ನಿಂತರೆ ಅಷ್ಟಾಗುತ್ತದೆ ಅಜ್ಜಿ?" ಎಂದು ಕಿರಿಯವನ ಪ್ರಶ್ನೆ. ಮದುವೆಯಾದ ಹೊಸತರಲ್ಲಿ ಜಾತ್ರೆಗೆ ಬಂದಿದ್ದ ಅತ್ತೆಯವರು ಉತ್ತರಿಸದೆ ಬಹಳ ಹೊತ್ತು ಬಸವಣ್ಣನನ್ನೇ ನೋಡುತ್ತ ನಿಂತರು.

ಮರುದಿನ ಸಿರುಗುಪ್ಪದ ದಾರಿಯಲ್ಲಿ ತೆಕ್ಕಲಕೋಟೆಯ ಬೆಟ್ಟಗಳು ಎದುರಾದವು. ಅಲ್ಲಿ 1963-64ರಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದವರ ದುಂಡು ಗುಡಿಸಲುಗಳ ಕುರುಹು ದೊರೆತುದನ್ನು ಯಜಮಾನರು ವಿವರಿಸಿದರು. ಮಕ್ಕಳು ಕಿಟಕಿ ಬಿಟ್ಟು ಕದಲಲಿಲ್ಲ. ಸಿರುಗುಪ್ಪದಲ್ಲಿ ವಿಜಯನಗರದ ಕಾಲದ ಕಾಲುವೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿದೆವು.

ಹಿಂದಿರುಗುವಾಗ ಅತ್ತೆಯವರು ಮೆಲ್ಲನೆ ಕೇಳಿದರು: "ಆ ಊಟಿಯಾಗ ಭಾಳ ಹತ್ತಬೇಕೇನವ್ವಾ?"