ಗೃಹಕೃತ್ಯದಲ್ಲಿ ಮಿತವ್ಯಯ

ಮಿತವೆಂದರೆ ಅಳೆದದ್ದು, ‘ಮಾ’ ಎಂಬ ಧಾತುವಿನಿಂದ ಬಂದ ಶಬ್ದ. ಅಳೆದು ಮಾಡುವ ವೆಚ್ಚವೇ ಮಿತವ್ಯಯ. ಕೃಪಣ ಶಬ್ದಕ್ಕಾದರೋ ಜಿಪುಣನೆಂಬ ಅರ್ಥದೊಡನೆ ದೀನನೆಂಬ ಅರ್ಥವೂ ಉಂಟು. ಈ ಎರಡಕ್ಕೂ ಇರುವ ಭೇದವು ನಿಘಂಟಿನಲ್ಲಿ ಸ್ಪಷ್ಟವಾಗಿದ್ದರೂ ಅಡಿಗೆಯ ಮನೆಯಲ್ಲಿ ಅಷ್ಟು ಸ್ಪಷ್ಟವಲ್ಲ.

ಬಳ್ಳಾರಿ ಸೀಮೆಯ ಹಿರಿಯರು ಅಳತೆಯನ್ನು ಬಲ್ಲವರಾಗಿದ್ದರು. ಮಳೆಯನ್ನು ನಂಬಲಾಗದ ನಾಡು. ಒಂದು ವರ್ಷ ಬೆಳೆದುದನ್ನು ಎರಡು ವರ್ಷ ಉಣ್ಣಬೇಕಾಗಿ ಬರುತ್ತಿತ್ತು. ಅದಕ್ಕಾಗಿಯೇ ಹಗೇವು. ಗಟ್ಟಿನೆಲದಲ್ಲಿ ಆಳವಾದ ಕುಳಿಯನ್ನು ತೋಡಿ, ಒಳಗೋಡೆಗೆ ಹುಲ್ಲನ್ನು ಒತ್ತಿ, ಜೋಳವನ್ನು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಗಾಳಿಯಾಡದ ಆ ಕುಳಿಯಲ್ಲಿ ಕಾಳಿನ ಉಸಿರಿನಿಂದಲೇ ಪ್ರಾಣವಾಯುವು ತೀರಿಹೋಗಿ, ಹುಳುಗಳಿಗೆ ಬದುಕಲು ಆಸ್ಪದವಿರುತ್ತಿರಲಿಲ್ಲ. ತೆರೆದೊಡನೆ ಇಳಿದ ಮನುಷ್ಯನ ಗತಿಯೂ ಅದೇ. ಆದುದರಿಂದ ಬಾಯಿಯನ್ನು ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವ ವಾಡಿಕೆ. ಹಗೇವಿನ ಜೋಳಕ್ಕೆ ಒಂದು ಮುಗ್ಗಲು ವಾಸನೆಯಿರುವುದು; ರೊಟ್ಟಿ ಬಡಿಯುವವರು ಮೊದಮೊದಲು ಮೂಗು ಮುರಿಯುವರು, ನಾಲ್ಕು ದಿನಗಳಲ್ಲಿ ಅದೂ ರೂಢಿಯಾಗುವುದು.

ಹಗೇವುಗಳು ಹೋದರೂ ಆ ಬುದ್ಧಿ ಪೂರ್ತಿ ಹೋಗಲಿಲ್ಲ. ಹಿಂಗಾರಿ ಜೋಳವು ಪೇಟೆಗೆ ಬಂದಾಗ ವರ್ಷದ ಜೋಳ, ಕುರುಗೋಡು ಸಿರುಗುಪ್ಪಗಳ ಕಡೆಯ ಹೊಸ ಮೆಣಸಿನಕಾಯಿ, ಶಿವರಾತ್ರಿಯ ಸುಮಾರಿಗೆ ಹುಣಿಸೆಯ ಹಣ್ಣು ಮನೆಗೆ ಬರುವುವು. ಜೋಳದ ನಡುವೆ ಬೇವಿನ ಸೊಪ್ಪು, ತೊಗರಿಗೆ ಕೆಮ್ಮಣ್ಣು, ಬೇಳೆಗೆ ಹರಳೆಣ್ಣೆ. ಒಣಗಿಸುವುದಕ್ಕೆ ಬಳ್ಳಾರಿಯ ಬಿಸಿಲು ಸಾಕಷ್ಟುಂಟು. ಆ ಊರಿನಲ್ಲಿ ಕ್ರಯವಿಲ್ಲದೆ ದೊರೆಯುವ ಪದಾರ್ಥ ಅದೊಂದೇ.

ಆದರೆ ಸುಗ್ಗಿಯಲ್ಲಿ ಕೊಳ್ಳಬೇಕಾದರೆ ಸುಗ್ಗಿಯಲ್ಲಿ ಕೈಯಲ್ಲಿ ಹಣವಿರಬೇಕಷ್ಟೆ. ಕೌಲ್ ಬಜಾರಿನ ದಿನಗೂಲಿಯವನು ಸಂಜೆಯ ಕೂಲಿಯಿಂದ ಸಂಜೆಯ ಎಣ್ಣೆಯನ್ನು ಸಣ್ಣ ಪೊಟ್ಟಣದಲ್ಲಿ ಕೊಳ್ಳುವನು. ತೂಕಕ್ಕೆ ಹಿಡಿದು ನೋಡಿದರೆ, ಡಬ್ಬಿಗಟ್ಟಲೆ ಕೊಳ್ಳುವ ಸಾಹುಕಾರನಿಗಿಂತ ಬಹುಶಃ ಅವನೇ ಹೆಚ್ಚು ತೆತ್ತಿರುತ್ತಾನೆ. ಇಂಥವನಿಗೆ ಮಿತವ್ಯಯವನ್ನು ಬೋಧಿಸಲು ಹೋಗುವವರಿಗೆ ಸ್ವಲ್ಪ ಲಜ್ಜೆಯಿರುವುದು ಒಳ್ಳೆಯದು. 1953ರಿಂದ ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿದು ಸಿರುಗುಪ್ಪದ ಸುತ್ತ ಭತ್ತದ ಗದ್ದೆಗಳಾದುವು. 2013ರ ಜುಲೈ ತಿಂಗಳಲ್ಲಿ ಅನ್ನಭಾಗ್ಯ ಯೋಜನೆಯಿಂದ ಬಡವರ ಮನೆಗೆ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಬಂತು, 2015ರ ಮೇ ತಿಂಗಳಿಂದ ಆ ರೂಪಾಯಿಯೂ ಇಲ್ಲದೆ ಬಂತು. ಅನ್ನವು ಅಪರೂಪವಾಗಿದ್ದ ಮನೆಗಳಲ್ಲಿ ಇದು ಸಣ್ಣ ಉಪಕಾರವಲ್ಲ.

ಉಳಿತಾಯವನ್ನು ಹೊಗಳುವವರು ಅದು ಎಲ್ಲಿಂದ ಬಂತೆಂದು ಕೇಳದಿರುವುದು ಹಳೆಯ ದೋಷ. 1876-78ರ ಮಹಾಕ್ಷಾಮದಲ್ಲಿ ಬಳ್ಳಾರಿಯು ಮದರಾಸು ಆಧಿಪತ್ಯದಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲೊಂದು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ಲರು, ವೆಚ್ಚವು ಮಿತಿಮೀರಿತೆಂದು, ಕ್ಷಾಮದ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನವೊಂದಕ್ಕೆ ಒಂದು ಪೌಂಡು ಧಾನ್ಯ ಮತ್ತು ಸ್ವಲ್ಪ ಕಾಸಿಗೆ ಇಳಿಸಿದರು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷರು ದುಡಿಯುವ ದೇಹಕ್ಕೆ ಇದು ಸಾಲದೆಂದು ಹಟಹಿಡಿದು ವಾದಿಸಿದರು. ಕೆಲವು ತಿಂಗಳ ಮೇಲೆ ಕೂಲಿಯನ್ನು ಏರಿಸಬೇಕಾಯಿತು. ಅಷ್ಟರೊಳಗೆ ಬೊಕ್ಕಸಕ್ಕೆ ಹಣ ಉಳಿದುದೇನೋ ನಿಜ.

ಇಂಥ ಉಳಿತಾಯವು ನೆಮ್ಮದಿಯ ಮನೆಗಳಲ್ಲಿಯೂ ನಡೆಯುತ್ತದೆ. ಬ್ರೂಸ್‌ಪೇಟೆಯಲ್ಲಿ ಒಬ್ಬ ಗುಮಾಸ್ತನ ಸಂಸಾರ. ಆ ಗೃಹಿಣಿಯ ಲೆಕ್ಕದ ಪುಸ್ತಕವನ್ನು ನೆರೆಯವರು ಮಾದರಿಗೆಂದು ಕೇಳಿ ನೋಡುತ್ತಿದ್ದರು. ಹಿರಿಯ ಮಗನು ಕಾಲೇಜಿಗೆ ಸೇರಿದ ವರ್ಷ ಆಕೆ ದಿನಸಿಯ ಖರ್ಚನ್ನು ಕಾಲುಭಾಗ ತಗ್ಗಿಸಿದಳು. ಮನೆಯಲ್ಲಿ ಯಾರೂ ಊಟದಲ್ಲಿ ಕೊರತೆಯನ್ನು ಕಾಣಲಿಲ್ಲ. ಗಂಡನು ಕಚೇರಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡನು.

ಮಾಘಮಾಸದಲ್ಲಿ ಒಂದು ಬೆಳಗ್ಗೆ ಕೊಡವನ್ನೆತ್ತುವಾಗ ಆಕೆ ತಲೆಸುತ್ತಿ ಬಿದ್ದಳು. ವೈದ್ಯರು ಕಣ್ಣಿನ ರೆಪ್ಪೆಯನ್ನು ಕೆಳಗೆಳೆದು ನೋಡಿ, ರಕ್ತಹೀನತೆಯೆಂದರು. ರಾತ್ರಿ ಏನು ಉಣ್ಣುವಿರೆಂದು ಕೇಳಿದರು. ಆಕೆ ಸುಮ್ಮನಿದ್ದಳು. ಉತ್ತರವನ್ನು ಅತ್ತೆ ಹೇಳಿದಳು: ಎಲ್ಲರಿಗೂ ಬಡಿಸಿದ ಮೇಲೆ ಉಳಿದುದೇ ಇವಳ ಊಟ, ದೀಪಾವಳಿಯಿಂದೀಚೆಗೆ ಉಳಿದುದು ಕಡಿಮೆ, ಎಷ್ಟೋ ರಾತ್ರಿ ನೀರುಮಜ್ಜಿಗೆ ಕುಡಿದು ಮಲಗಿದ್ದಾಳೆ. ತಿಳಿದಿದ್ದೂ ಏಕೆ ಹೇಳಲಿಲ್ಲವೆಂದು ಮಗನು ಸಿಡುಕಿದನು. “ನಾನೂ ಹಾಗೆಯೇ ಮಾಡಿದವಳು, ಇದು ಹೇಳುವ ಮಾತೆಂದು ತೋರಲಿಲ್ಲ” ಎಂದಳು ಮುದುಕಿ.

ಆ ರಾತ್ರಿ ಅವನು ಪುಸ್ತಕವನ್ನು ತಿರುವಿಹಾಕಿದನು. ಬೆಲ್ಲ, ಬೇಳೆ, ಶೇಂಗಾ, ಹಾಲು, ಎಲ್ಲವೂ ದಿನಾಂಕದೊಡನೆ ಇದ್ದುವು. ಕೂಡಿಸಿದ್ದರಲ್ಲಿ ಒಂದು ಪೈಸೆಯ ತಪ್ಪಿರಲಿಲ್ಲ. ಯಾರು ಎಷ್ಟು ಉಂಡರೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ಮರುದಿನದಿಂದ ಅತ್ತೆ ಸೊಸೆಯನ್ನು ತನ್ನ ಜೊತೆಗೆ ಮೊದಲ ಪಂಕ್ತಿಗೇ ಕೂರಿಸಿಕೊಂಡಳು. ನವಣೆಯ ಅನ್ನ, ಹೆಸರುಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಒಂದು ಲೋಟ ಹಾಲು. ಆ ತಿಂಗಳು ದಿನಸಿಯ ಖರ್ಚು ಏರಿತು. ಆಕೆ ಅದನ್ನು ಸಂಕೋಚದಿಂದಲೇ ‘ಇತರ’ ಎಂಬ ಬಾಬಿನಲ್ಲಿ ಬರೆದಿಟ್ಟಳು.