ನೀರುಗಂಟಿಯ ಜೊತೆಗೆ ಹೋದದ್ದು

ಲಗ್ಗೆರೆಯ ಕ್ರಯಪತ್ರಗಳಲ್ಲಿ ‘ಬೆಂಗಳೂರು ಉತ್ತರ ತಾಲ್ಲೂಕು, ಯಶವಂತಪುರ ಹೋಬಳಿ, ಲಗ್ಗೆರೆ ಗ್ರಾಮ’ ಎಂದೇ ಬರೆದಿರುತ್ತದೆ. ರಾಗಿ ಹೊಲಗಳಿದ್ದ ಕಡೆ ಸಣ್ಣ ಕಾರ್ಖಾನೆ, ಬಾಡಿಗೆ ಮನೆ, ರಿಂಗ್ ರೋಡು ಬಂದು ಎಷ್ಟೋ ಕಾಲವಾಯಿತು. ಗ್ರಾಮ ಕಾಗದದಲ್ಲಷ್ಟೇ ಇದೆ. ಒಂದು ಕಾಲಕ್ಕೆ ದೊಡ್ಡ ದೊಡ್ಡ ರಾಜ್ಯಗಳು ನಿಂತಿದ್ದದ್ದು ಇಂಥ ಊರುಗಳ ಲೆಕ್ಕದ ಮೇಲೆ.

1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ವಿಜಯನಗರದ ಸಾಮಂತರು. ಅಚ್ಯುತರಾಯ ಅವರಿಗೆ 12 ಹೋಬಳಿ ಕೊಟ್ಟನೆಂದೂ, ಮುಂದೆ ಸ್ವಂತ ನಾಣ್ಯ ಹಾಕಿಸಿದ್ದಕ್ಕೆ ಗೌಡರು ಆನೆಗೊಂದಿಯಲ್ಲಿ ಸೆರೆಯಾದರೆಂದೂ ನಮ್ಮ ಕಡೆ ಹೇಳುತ್ತಾರೆ. ಕಪ್ಪ ಕೊಡು, ದಂಡು ಕಳಿಸು, ನಿನ್ನ ನಾಡು ನೀನೇ ಆಳಿಕೋ: ಆಗಿನ ಆಳ್ವಿಕೆಯ ರೀತಿ ಅದು. ಮೆಕ್ಸಿಕೋದ ಅಜ್ಟೆಕರೂ ಗೆದ್ದ ಊರಿನ ಅರಸನನ್ನು ಬಹುಪಾಲು ಅಲ್ಲೇ ಬಿಟ್ಟು ಬಟ್ಟೆ, ಕೋಕೋ, ಮೆಕ್ಕೆಜೋಳ ತರಿಸಿಕೊಳ್ಳುತ್ತಿದ್ದರು. ಸುತ್ತಲಿನವರ ಸಿಟ್ಟು ಆರಲೇ ಇಲ್ಲ. 1521ರಲ್ಲಿ ಸ್ಪೇನಿನವರು ಅವರ ರಾಜಧಾನಿ ಹಿಡಿದಾಗ ಜೊತೆಗೆ ನಿಂತವರು ನೆರೆಯ ತ್ಲಾಸ್ಕಾಲದವರು.

ಪೆರುವಿನ ಇಂಕಾಗಳದು ಬೇರೆ ದಾರಿ. ಅವರಿಗೆ ಬೇಕಾದದ್ದು ಜನರ ದುಡಿಮೆ. ಮನೆಗಳನ್ನು ಹತ್ತು, ನೂರು, ಸಾವಿರವೆಂದು ಎಣಿಸಿ, ರಸ್ತೆ ಹಾಕಿಸಿ, ಉಗ್ರಾಣ ತುಂಬಿಸಿ, ತಮ್ಮ ಅಧಿಕಾರಿಗಳನ್ನು ಊರೂರಿಗೆ ಮುಟ್ಟಿಸಿದರು. 18 ಇಲಾಖೆಗಳ ಅಠಾರ ಕಚೇರಿ ಕಟ್ಟಿದ ಚಿಕ್ಕದೇವರಾಜ ಒಡೆಯರ (1673–1704) ಆಡಳಿತ ನನಗೆ ಇದಕ್ಕೆ ಹತ್ತಿರವೆನಿಸುತ್ತದೆ.

ಮೇಲೆ ಯಾರೇ ಆಳಲಿ, ಕೆಳಗೆ ಲೆಕ್ಕ ಬಲ್ಲ ಒಬ್ಬ ಮನುಷ್ಯ ಬೇಕಿತ್ತು. ಇಂಕಾಗಳಲ್ಲಿ ಅವನು ದಾರಕ್ಕೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದ. 1532ರಲ್ಲಿ ಅವರ ದೊರೆ ಅತಾವಾಲ್ಪ ಸ್ಪೇನಿನವರಿಗೆ ಸೆರೆಸಿಕ್ಕ ಮೇಲೆ ಆ ವಿದ್ಯೆ ನಿಧಾನವಾಗಿ ಕೈಬಿಟ್ಟಿತು. ಉಳಿದ ದಾರಗಳನ್ನು ಪೂರ್ತಿ ಓದಬಲ್ಲವರು ಇಂದು ಯಾರೂ ಇಲ್ಲ. ನಮ್ಮಲ್ಲಿ ಆ ಮನುಷ್ಯ ಶಾನುಭೋಗ. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಊರಿನ ಭೂಮಿಯನ್ನೆಲ್ಲ ಬರೆದಿಡುತ್ತಿದ್ದ. ಜೊತೆಗೆ ಪಟೇಲ, ತಳವಾರ, ತೋಟಿ. ಇವರೆಲ್ಲರಿಗಿಂತ ನನ್ನ ಮನಸ್ಸು ಹೋಗುವುದು ನೀರುಗಂಟಿಯ ಕಡೆಗೆ. ಕೆರೆಯ ತೂಬು ಎತ್ತುವವನು ಅವನು. ಮೊದಲು ಯಾರ ಗದ್ದೆ, ಕೊನೆಗೆ ಯಾರದು, ಬರ ಬಂದರೆ ಯಾರಿಗೆ ಎಷ್ಟು ಎಂಬುದು ಅವನಿಗೆ ಬಾಯಿಪಾಠ. ಅವನ ಪಾಲಿಗೆ ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಧಾನ್ಯ.

1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಈ ಹುದ್ದೆಗಳು ರದ್ದಾದವು. ಆಗಬೇಕಾದದ್ದೇ ಅದು. ತೋಟಿಯ ಮಗ ತೋಟಿಯಾಗಿಯೇ ಸಾಯಬೇಕೆಂಬ ಕಟ್ಟಳೆಗೆ ನಾನು ಅಳುವುದಿಲ್ಲ. ಆದರೆ ಹುದ್ದೆಯ ಜೊತೆ ತಿಳಿವಳಿಕೆಯೂ ಹೋಯಿತಲ್ಲ, ಸಂಕಟ ಅದಕ್ಕೆ. ನೀರುಗಂಟಿ ಕಲಿತದ್ದನ್ನು ಯಾವ ಕಚೇರಿಯೂ ಕೂತು ಕೇಳಿ ಬರೆದುಕೊಳ್ಳಲಿಲ್ಲ. ಈಗ ದೊಡ್ಡ ಮಳೆಗೆ ರಾಜಕಾಲುವೆ ಉಕ್ಕಿ ಮನೆಗಳಿಗೆ ನುಗ್ಗಿದಾಗ ನಕ್ಷೆ ಹಿಡಿದು ಎಂಜಿನಿಯರುಗಳು ಬರುತ್ತಾರೆ. ಹಳೇ ಕಾಲುವೆ ಯಾವ ಹೊಲದ ಬದುವಿನಲ್ಲಿ ತಿರುಗುತ್ತಿತ್ತು ಎಂದು ಅವರು ಕೇಳಿದರೆ, ಹೇಳಬಲ್ಲ ಹಿರಿಯರು ಒಂದೊಂದು ಮನೆಯಲ್ಲಿ ಇನ್ನೂ ಇರಬಹುದು. ಈ ಮಳೆಗಾಲದ ಒಳಗೇ ಅವರನ್ನು ಹುಡುಕಿ ಕೇಳಬೇಕು.