ಕೊಟ್ಟಿಗೆ ಅಟ್ಟದ ಹಿತ್ತಾಳೆ ತೋಟಾ

ಮಳೆ ಹಿಡಿಯೋ ಮೊದಲು ಕೊಟ್ಟಿಗೆ ಹೆಂಚು ಕೈಯಾಡಿಸೋಣ ಅಂತ ಅಟ್ಟ ಹತ್ತಿದ್ದೆ. ಮೂಲೇಲಿ ಅಪ್ಪನ ಕಾಲದ ಬಿಸ್ಕತ್ ಡಬ್ಬಿ ಸಿಕ್ತು. ಒಳಗೆ ಹನ್ನೆರಡು ಬೋರಿನ ಖಾಲಿ ಹಿತ್ತಾಳೆ ತೋಟಾಗಳು. ಎಣಿಸಿದ್ರೆ 22.

ಅಪ್ಪನ ತೋಟಾಕೋವಿ ಈಗ ನನ್ನ ಹೆಸರಲ್ಲಿದೆ. ಅಂಗಡಿ ತೋಟಾ ದುಬಾರಿ. ಗದ್ದೆಗೆ ಬಿದ್ದ ಹಂದಿ ಬೆದರಿಸೋಕೆ ಒಂದು ಹಾರಿಸಬೇಕಾದ್ರೂ ಲೆಕ್ಕ ಹಾಕ್ತೀವಿ. ಪಕ್ಕದ ಮನೆ ಹುಡುಗ ಡಬ್ಬಿ ನೋಡಿ, "ಮಾವ, ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಹೊಸದರ ಹಾಗಾಗ್ತವೆ, ತುಂಬಿಸೋಣ" ಅಂದ. ನನಗೂ ಆಸೆ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಹಿಂದೆ ಅಪ್ಪ ಒಂದೊಂದನ್ನೂ ಒರೆಸಿ ಬೆಳಕಿಗೆ ಹಿಡಿದು ನೋಡೋರು. ಬಾಯಿ ಅಂಚು ಸೀಳಿದೆಯಾ, ಬುಡದ ಹತ್ತಿರ ಬಿರುಕಿದೆಯಾ, ಮೈ ಉಬ್ಬಿದೆಯಾ, ಕೇಪು ಕೂರೋ ಗುಂಡಿ ಸಡಿಲ ಆಗಿದೆಯಾ ಅಂತ. ನಾನೂ ಹಾಗೇ ನೋಡಿದೆ. ಐದರ ಬಾಯಿ ಸೀಳಿತ್ತು, ಎರಡರ ಗುಂಡಿ ಅಗಲ ಆಗಿತ್ತು. ಉಳಿದ 15 ಚೆನ್ನಾಗೇ ಕಂಡ್ವು.

ಸಂಜೆ ಮಿಲಿಟರಿಯಿಂದ ನಿವೃತ್ತರಾದ ನಮ್ಮ ಭಾವ ಬಂದ್ರು. ತೋಟಾ ಕೈಗೆ ತಗೊಳ್ಳೋ ಮೊದಲೇ, "ಡಬ್ಬಿ ಎಲ್ಲಿತ್ತು?" ಅಂದ್ರು. ಕೊಟ್ಟಿಗೆ ಅಟ್ಟದಲ್ಲಿ ಅಂದೆ. "ಹಾಗಾದ್ರೆ ಒಂದೂ ಬೇಡ."

ಕಾರಣಾನೂ ಹೇಳಿದ್ರು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ರೈಫಲ್ ತೋಟಾಗಳನ್ನ ಕುದುರೆ ಲಾಯದಲ್ಲಿ ಇಡ್ತಿತ್ತು. ಹಾರಿಸದೇ ಇಟ್ಟಿದ್ದ ತೋಟಾಗಳೂ ಬಿರುಕು ಬಿಡ್ತಿದ್ವು. ಯಾಕೆ ಅಂತ ವಿವರ ಸಿಕ್ಕಿದ್ದು 1921ರಲ್ಲಿ: ಕುದುರೆ ಮೂತ್ರದಿಂದ ಏಳೋ ಅಮೋನಿಯಾ. ತೋಟಾ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು 70 ತಾಮ್ರ, 30 ಸತು. ಅದನ್ನ ಎಳೆದು ಕೊಳವೆ ಮಾಡಿದಾಗ ಲೋಹದೊಳಗೆ ಬಿಗಿತ ಉಳಿದಿರುತ್ತೆ. ಅದಕ್ಕೆ ತೇವ, ಅಮೋನಿಯಾ ತಾಗಿದ್ರೆ ಕಣಗಳ ಸಂದಿಯಲ್ಲಿ ಬಿರುಕು ಇಳಿಯುತ್ತೆ. ಶುರುವಿನಲ್ಲಿ ಕಣ್ಣಿಗೆ ಕಾಣಲ್ಲ. ತಿಕ್ಕಿದ್ರೆ ಹೊಳಪು ಬರುತ್ತೆ, ಬಿರುಕು ಹೋಗಲ್ಲ. ಹಾರಿಸುವಾಗ ಬುಡ ಹರಿದ್ರೆ ಬಿಸಿ ಗಾಳಿ ಹಿಂದಕ್ಕೆ, ನಮ್ಮ ಮುಖಕ್ಕೇ ನುಗ್ಗುತ್ತೆ. ರೈಫಲ್‌ನಲ್ಲಿ ಒತ್ತಡ ಇನ್ನೂ ಜಾಸ್ತಿ.

ನಂಗೆ ಪೂರ್ತಿ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಎದ್ದು, ಚೆನ್ನಾಗಿದೆ ಅಂತ ಎತ್ತಿಟ್ಟಿದ್ದ ಒಂದರ ಬಾಯಿ ಇಕ್ಕಳದಲ್ಲಿ ಅಮುಕಿದೆ. ಹಿತ್ತಾಳೆ ಬಾಗಬೇಕು. ಇದು ಚಟ್ ಅಂತ ಉದ್ದಕ್ಕೆ ಸೀಳ್ತು, ಒಣಗಿದ ಅಡಿಕೆ ಸಿಪ್ಪೆ ಹಾಗೆ. ಆ ಹುಡುಗನ್ನ ಕರೆದು ತೋರಿಸಿದೆ. ಅವನು ಮಾತಾಡಲಿಲ್ಲ.

22ನ್ನೂ ಕಲ್ಲಿನ ಮೇಲಿಟ್ಟು ಸುತ್ತಿಗೇಲಿ ಚಪ್ಪಟೆ ಮಾಡಿದೆ. ಹಾಗೇ ಎಸೆದ್ರೆ ಯಾರಾದ್ರೂ ಹೆಕ್ಕಿ ತುಂಬಿಸ್ತಾರೆ. ಅಲ್ಲದೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ತೋಟಾ ತಯಾರಿಸೋಕೆ ಬೇರೆ ಲೈಸೆನ್ಸೇ ಬೇಕು. ಕೋವಿ ಲೈಸೆನ್ಸ್ ಇದ್ರೆ ಸಾಲದು.

ಕೋವಿ ಇಲ್ಲದವರಿಗೂ ಒಂದು ಮಾತು. ಸ್ಪ್ರೇಯರ್‌ನ ಹಿತ್ತಾಳೆ ನಾಜಲ್, ಜಾಯಿಂಟುಗಳನ್ನ ಕೊಟ್ಟಿಗೇಲಿ, ಯೂರಿಯಾ ಚೀಲದ ಪಕ್ಕ ಇಡಬೇಡಿ. ತೊಳೆದು ಒಣಗಿಸಿ ಮನೆಯೊಳಗಿಡಿ. ಅಟ್ಟದಲ್ಲಿ ಅಪ್ಪ, ಅಜ್ಜನ ಕಾಲದ ತೋಟಾ ಡಬ್ಬಿ ಇದ್ರೆ ಹೊಳಪು ನೋಡಿ ಮೋಸ ಹೋಗಬೇಡಿ. ಅದು ಎಲ್ಲಿತ್ತು ಅಂತ ಮೊದಲು ಕೇಳಿ.